ಇಪ್ಪತ್ತೆರಡು ಮೊಳ

ಹಗ್ಗದ ಹಸಿ ಗುರುತನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದು ಶಿವಗಂಗಾಬಾಯಿ ಮತ್ತೊಮ್ಮೆ ಅಳೆದಳು. ಬಾವಿಕಟ್ಟೆಯಿಂದ ನೀರಿಗೆ ಇಪ್ಪತ್ತೆರಡೇ ಮೊಳ! ಆಚೆ ಸೋಮವಾರ ಇಪ್ಪತ್ತಿತ್ತು, ಹೋದ ಸೋಮವಾರ ಇಪ್ಪತ್ತೆರಡು. ಗೋಡೆ ಮೇಲೆ ಇದ್ದಿಲಿನಿಂದ ಆ ಎರಡು ಚುಕ್ಕಿ ಇಟ್ಟು, ನೇರ ಗೆರೆ ಎಳೆದು ನೋಡಿದ್ದಳು. ಗೆರೆಯ ಪ್ರಕಾರ ಇವತ್ತು ಇಪ್ಪತ್ನಾಲ್ಕಾಗಬೇಕು; ಇನ್ನು ಮೂರು ವಾರಕ್ಕೆ ಮೂವತ್ತು, ಅಂದರೆ ತಳ. ಕಣ್ಣು ತೋರಿಸಲು ಉದಗೀರಕ್ಕೆ ಹೋಗಿ ವಾರ ಇದ್ದಾಗಲೂ ಅದೇ ಚಿಂತೆ. ನೀರು ಮುಗಿದರೆ ಒಬ್ಬಂಟಿಯ ಮನೆಗೆ ಯಾರು ಬರುತ್ತಾರೆ? ಓಣಿಯ ಹೆಂಗಸರು ಒಯ್ಯುವುದು ಒಂದು ಕೊಡ ನೀರಾದರೆ, ಬಿಟ್ಟುಹೋಗುವುದು ನಾಲ್ಕು ಕೊಡ ಮಾತು.

ಬಾಗಿಲ ಮುಂದೆ ಪಕ್ಕದ ಮನೆಯ ವಿಮಲಾ ಕೊಡ ಹೊತ್ತು ಹೊರಟಿದ್ದಳು. “ಏ ವಿಮಲಾ, ಬಾರವ್ವಾ! ನನ್ನ ಲೆಕ್ಕ ಸುಳ್ಳಾತು. ನೀರು ಇಳದೇ ಇಲ್ಲ!”

“ಹ್ಯಾಂಗ ಇಳೀತದ್ರಿ ಕಾಕು? ನೀವು ಹೋದ ಮರುದಿನದಿಂದ ಹುಡುಗರ ಸಾಲಿ ಮುಂದ ನೀರಿನ ಟ್ಯಾಂಕರ್ ಬರ್ಲಿಕ್ಹತ್ತದ. ಎಲ್ಲಾರೂ ಅಲ್ಲೇ ತುಂಬತೀವಿ. ಇನ್ನ ನಿಮ್ಮ ಬಾವಿ ನಿಮಗೇ ಆತು, ಮಹಾರಾಣಿ!” ನಗುತ್ತಲೇ ವಿಮಲಾ ದಾಟಿಹೋದಳು.

ಶಿವಗಂಗಾಬಾಯಿ ಮೂರನೇ ಚುಕ್ಕಿ ಇಟ್ಟಳು. ಹೋದ ವಾರದ ಚುಕ್ಕಿಯನ್ನೂ ಇವತ್ತಿನದನ್ನೂ ಸೇರಿಸಿ ಗೆರೆ ಎಳೆಯತೊಡಗಿದಳು. ಅದು ತಳದ ಕಡೆ ಇಳಿಯಲೇ ಇಲ್ಲ. ಗೋಡೆ ಮುಗಿಯುವವರೆಗೂ ಮಟ್ಟಸವಾಗಿ ಹೋಯಿತು.