ಕೊಹಿಮಾ ಕದನಕ್ಕೆ ಶಿಡ್ಲಘಟ್ಟದ ನೂಲು

“ಕೊಹಿಮಾದಲ್ಲಿ ಎರಡನೇ ಮಹಾಯುದ್ಧದ ದಿಕ್ಕು ಬದಲಾಯ್ಸಿದ್ದು ಸೈನಿಕರು ಕಣಮ್ಮ, ನಿಮ್ಮ ಶಿಡ್ಲಘಟ್ಟದ ನೂಲು ಬಿಚ್ಚೋರಲ್ಲ,” ಎನ್ನುತ್ತಾ ಇತಿಹಾಸದ ಮೇಷ್ಟ್ರು ಚನ್ನಕೇಶವ ಸಾಬ್ರೀನಳ ಪ್ರಬಂಧದ ತಲೆಬರಹವಷ್ಟೇ ನೋಡಿ, ಓದದೆಯೇ ಹಿಂದಕ್ಕೆ ತಳ್ಳಿದರು. ತರಗತಿ ಕಿಸಕ್ಕೆಂದಿತು.

ಸಾಬ್ರೀನ್ ಕೂರಲಿಲ್ಲ. ಬ್ಯಾಗಿನಿಂದ ರೇಷ್ಮೆ ನೂಲಿನ ಲಡಿ ತೆಗೆದು, ನಾಲ್ಕೆಳೆ ಹೊಸೆದು ಮೇಷ್ಟ್ರ ಮುಂದೆ ಹಿಡಿದಳು. “ಕಿತ್ತು ತೋರ್ಸಿ ಸರ್. ಆಗ ಆ ಸೈನಿಕರಿಗೆ ವಿಮಾನದಿಂದ ಸಾಮಾನು ಇಳಿಸೋ ಪ್ಯಾರಾಚೂಟಿಗೆ ಅಂತ ಇಂಥದ್ದೇ ನೂಲು ಬಿಚ್ಚಿದ್ದು ನಮ್ಮ ಮುತ್ತಜ್ಜಿ. ಕುದಿಯೋ ನೀರಲ್ಲಿ ಗೂಡಿನ ಜೊತೆ ಕೈನೂ ಬೇಯಿಸ್ಕೊಂಡು.”

ಮೇಷ್ಟ್ರು ನಗುತ್ತಲೇ ನೂಲನ್ನು ಬೆರಳಿಗೆ ಸುತ್ತಿ ಜಗ್ಗಿದರು. ಇನ್ನೊಮ್ಮೆ, ಹಲ್ಲು ಕಚ್ಚಿ ಜಗ್ಗಿದರು. ನೂಲು ಹರಿಯಲಿಲ್ಲ, ಬೆರಳಲ್ಲಿ ರಕ್ತ ಜಿನುಗಿತು.

ಸಾಬ್ರೀನ್ ಪ್ರಬಂಧವನ್ನು ಮತ್ತೆ ಅವರ ಮುಂದಕ್ಕೆ ಸರಿಸಿ ಕೈಚಾಚಿದಳು.

“ನೂಲು ವಾಪಸ್ ಕೊಡಿ ಸರ್. ಪ್ರಬಂಧ ಇಟ್ಕೊಂಡು ಓದಿ.”