ಹುಳು ಕೂರಿಸಿದ ರೆಕ್ಕೆ

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಲಾರೆ. ಹೇಳುತ್ತಾ ಹೇಳುತ್ತಾ ನಾನೇ ಕೆಲವನ್ನು ಸೇರಿಸಿರಬಹುದು. ಈಗಲೂ ಪ್ಲಾಸ್ಟಿಕ್ ವಿಮಾನ ಜೋಡಿಸಲು ಅಂಟಿನ ಟ್ಯೂಬ್ ತೆರೆದರೆ, ಆ ಘಾಟಿಗೆ ಹುತ್ತೂರಿನ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಮೊದಲ ವಿಮಾನವನ್ನು ತಂದುಕೊಟ್ಟವನು ಚಿಕ್ಕಪ್ಪ. ಭಾನುವಾರ ತಾನು ಬರುವಷ್ಟರಲ್ಲಿ ಅದನ್ನು ಜೋಡಿಸಿ ಮುಗಿಸಿದ್ದರೆ ಇನ್ನೊಂದು ಕೊಡಿಸುವುದಾಗಿ ಹೇಳಿದ್ದ. ಒಂದು ರೆಕ್ಕೆ ಮಾತ್ರ ಉಳಿದಿತ್ತು. ನಡುಮನೆಯಲ್ಲಿ ರೇಷ್ಮೆ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು. ಅಜ್ಜಿ ಅವನ್ನು ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡುತ್ತಿದ್ದಳು.

“ಲೇ, ಏನ್ಲಾ ಅದು ಗಬ್ಬು? ಈ ಗಾಳಿ ಕುಡಿದ್ರೆ ಹುಳ ಸಾಯ್ತವೆ” ಎಂದು ಟ್ಯೂಬನ್ನು ಕಿತ್ತುಕೊಂಡು ತಿಪ್ಪೆಗೆ ಎಸೆದಳು.

ನಾನು ಅಳತೊಡಗಿದೆ. “ರೆಕ್ಕೆ ಹೆಂಗಜ್ಜಿ ನಿಲ್ಲುತ್ತೆ?”

“ಹುಳನೇ ಕಟ್ಟುತ್ತೆ, ಸುಮ್ನೆ ಕೂತ್ಕೊಳೋ.” ಹಣ್ಣು ಹುಳುವೊಂದನ್ನು ರೆಕ್ಕೆಯ ಸಂದಿಯಲ್ಲಿ ಬಿಟ್ಟು, ವಿಮಾನವನ್ನು ಮೂಲೆಯಲ್ಲಿಟ್ಟಳು.

ಭಾನುವಾರ ಬಂದ ಚಿಕ್ಕಪ್ಪ, ಹಳದಿ ಗೂಡು ಅಂಟಿಕೊಂಡಿದ್ದ ವಿಮಾನವನ್ನು ಅಲುಗಾಡಿಸಿ ನೋಡಿ, “ಅಮ್ಮ, ಇದು ಮೋಸ” ಎಂದ.

“ಒಂದು ಗೂಡು ಕಳ್ಕೊಂಡೋಳು ನಾನು, ನಿಂಗೇನೋ ಮೋಸ? ಮಾತು ಕೊಟ್ಟಿದ್ದೀಯ, ತಂದ್ಕೊಡು.”

ಎರಡನೆಯ ವಿಮಾನ ಬಂತು. ಆಮೇಲೆ ಕೊಂಡವುಗಳಿಗೆ ಲೆಕ್ಕವಿಲ್ಲ. ಆದರೆ ನನ್ನ ಅಮ್ಮನನ್ನು ಕೇಳಿದರೆ ಅವಳಿಗೆ ಇದೊಂದೂ ನೆನಪಿಲ್ಲ. ಹುಳುವಿನ ನೂಲು ಪ್ಲಾಸ್ಟಿಕ್ಕನ್ನು ಹಿಡಿದಿತ್ತೆಂಬುದನ್ನು ನಾನೂ ನಂಬದಾದೆ. ಹೋದ ವರ್ಷ ಹಣ್ಣು ಹುಳುವೊಂದನ್ನು ಕೇಳಿ ತಂದು, ಅಂಟು ಹಚ್ಚದ ರೆಕ್ಕೆಯ ಸಂದಿಯಲ್ಲಿ ಬಿಟ್ಟೆ. ಅದು ಗೂಡು ಕಟ್ಟಿ ಮುಗಿಸಿದ ಮೇಲೆ ವಿಮಾನವನ್ನು ತಲೆಕೆಳಗಾಗಿ ಹಿಡಿದೆ. ರೆಕ್ಕೆ ಬೀಳಲಿಲ್ಲ.