ಬಿಸ್ಕತ್ ಫ್ಲೆಟ್ ಊರಿಗೆ ಬಂದ

"ಮೊದಲು ಅದನ್ನ ಮೇಜಿನ ಮೇಲಿಂದ ತೆಗಿ ಮಗಾ. ಅಲ್ಲಿ ನಾವು ತಿನ್ನೋದು ಇಡ್ತೀವಿ," ಎಂದಳು ಐನಾ ವಾಟ್.

ಲೋರ್ನ್ ಫ್ಲೆಟ್ ಗಡಿಬಿಡಿಯಿಂದ ಅಪ್ಪನ ಬೂದಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಐವತ್ತೆಂಟರ ಗಂಡಸು. ಕೆನಡಾದಿಂದ ಎರಡು ವಿಮಾನ, ಒಂದು ಬಸ್ಸು ಹತ್ತಿ ಕಡಲ ದಂಡೆಯ ನಮ್ಮೂರು ಪೋರ್ಟ್‌ಸ್ಕಾರಿಗೆ ಬಂದಿದ್ದ. ಕಣ್ಣು ಮುಚ್ಚುವ ಮುಂಚೆ ಅಪ್ಪ ಕೇಳಿದ್ದು ಒಂದೇ: "ನನ್ನನ್ನ ನಮ್ಮಮ್ಮನ ಪಕ್ಕ ಹಾಕು." ಲೋರ್ನ್ ಮಾತು ಕೊಟ್ಟುಬಿಟ್ಟಿದ್ದ. ಆ ಅಜ್ಜಿಯ ಗೋರಿ ಎಲ್ಲಿದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ನಮ್ಮೂರಲ್ಲಿ ಗೋರಿ ಹುಡುಕುವವರು ಐನಾಳ ಹತ್ತಿರವೇ ಹೋಗಬೇಕು. ಎಂಬತ್ತಾರು ವಯಸ್ಸು. ಚರ್ಚಿನ ಪಕ್ಕದ ಕೋಣೆಯಲ್ಲಿ ಗೋರಿಗಳ ಪಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ಪಟ್ಟಿ ಬರೀ ನೆಪಕ್ಕೆ, ಎಲ್ಲಾ ಅವಳ ನಾಲಿಗೆ ತುದಿಯಲ್ಲೇ ಇದೆ. ಆ ನಾಲಿಗೆಗೆ ಊರೇ ಹೆದರುತ್ತದೆ, ಪಾದ್ರಿಯೂ ಸೇರಿ.

ಲೋರ್ನ್ ಚೀಲದಿಂದ ಚೌಕಟ್ಟು ಹಾಕಿಸಿದ ಹಾಳೆಯೊಂದನ್ನು ತೆಗೆದ. ಫ್ಲೆಟ್ ಮನೆತನದ ಚರಿತ್ರೆ, ಅಂಚೆಯಲ್ಲಿ ತರಿಸಿದ್ದು. ಮೇಲೆ ಸಿಂಹ, ಕೆಳಗೆ ಕೋಟೆ.

"ಕೋಟೆನಾ!" ಐನಾ ಕನ್ನಡಕ ಏರಿಸಿದಳು. "ಫ್ಲೆಟ್‌ಗಳಿಗೆ ನೆಟ್ಟಗೆ ಒಂದು ಕೋಳಿಗೂಡೂ ಇರಲಿಲ್ಲ ಕಣೋ. ಮೂರು ಜನ ಅಣ್ಣತಮ್ಮಂದಿರು, ಆರ್ಕ್ನಿ ದ್ವೀಪದಿಂದ ಹೆರಿಂಗ್ ಮೀನಿನ ಬೆನ್ನು ಹತ್ತಿ ಬಂದ್ರು. ದೋಣಿ ಸೋರ್ತಿತ್ತು, ಇಲ್ಲೇ ನಿಂತ್ರು. ಆಮೇಲೆ ಮೀನು ಎಲ್ಲಿಗೆ ಹೋಯ್ತೋ ಆ ಹೆಸರೂ ಅಲ್ಲಿಗೆ ಹೋಯ್ತು. ಯಾರ್ಮತ್, ಐಸ್‌ಲ್ಯಾಂಡ್, ನಿಮ್ಮ ಕೆನಡಾ. ಹೇಳದೆ ಕೇಳದೆ ಎದ್ದು ಹೋಗೋದು ಆ ಮನೆತನದ ಹುಟ್ಟುಗುಣ."

"ನೀವು ಫ್ಲೆಟ್ ಅಲ್ವಾ?"

"ನಾನಾ? ಹುಟ್ಟಿದ್ದು ವಾಟ್, ಸಾಯೋದೂ ವಾಟ್. ಅದಿರಲಿ, ನಿಮ್ಮಪ್ಪನ ಹೆಸರೇನು?"

"ಅಲೆಕ್ಸಾಂಡರ್. ಎಲ್ಲರೂ ಕರೆಯೋದು ಸ್ಯಾಂಡಿ ಫ್ಲೆಟ್ ಅಂತ."

ಐನಾ ನಕ್ಕುಬಿಟ್ಟಳು. ನಗದೆ ಇನ್ನೇನು ಮಾಡುತ್ತಾಳೆ? ನಮ್ಮೂರಲ್ಲಿ ನೂರು ಮನೆ, ಎಂಬತ್ತು ಫ್ಲೆಟ್‌ಗಳದ್ದು. ಹುಟ್ಟಿದ ಗಂಡಿಗೆಲ್ಲ ಅಜ್ಜನ ಹೆಸರೇ ಇಡಬೇಕು. ಬಂದರಿನಲ್ಲಿ ನಿಂತು 'ಸ್ಯಾಂಡಿ ಫ್ಲೆಟ್' ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತಿತ್ತು. ಅದಕ್ಕೇ ಮನೆಗೊಂದು ಅಡ್ಡಹೆಸರು. ದೋಣಿಯ ಪಟ್ಟಿಯಲ್ಲೂ ಅದು ಇರುತ್ತದೆ, ಗೋರಿಕಲ್ಲಿನ ಮೇಲೂ ಇರುತ್ತದೆ.

"ಅಡ್ಡಹೆಸರು ಹೇಳು. ಇಲ್ಲದಿದ್ರೆ ನಿಮ್ಮಪ್ಪನ್ನ ಇನ್ಯಾರದೋ ಅಮ್ಮನ ಪಕ್ಕ ಮಲಗಿಸಿ ಹೋಗ್ತೀಯ."

ಲೋರ್ನ್ ಹಣೆ ಉಜ್ಜಿಕೊಂಡ. "ಒಂದ್ಸಲ ಹೇಳಿದ್ದ. ನಗಬೇಡಿ... ಬಿಸ್ಕತ್."

ಐನಾ ನಗಲಿಲ್ಲ. ಬಗ್ಗಿಸುತ್ತಿದ್ದ ಚಹಾ ಬಸಿ ತುಂಬಿ ಮೇಜಿಗೆ ಚೆಲ್ಲಿತು. ವಯಸ್ಸಾಯಿತು ಪಾಪ, ಎಂದುಕೊಂಡ ಲೋರ್ನ್ ತನ್ನ ಕರವಸ್ತ್ರದಿಂದಲೇ ಒರೆಸಿದ.

"ಬಿಸ್ಕತ್ ಮನೆಗೆ ಒಬ್ಬನೇ ಮಗ," ಎಂದಳು ಆಕೆ, ನಿಧಾನವಾಗಿ. "ಊರು ಯಾಕೆ ಬಿಟ್ಟೆ ಅಂತ ಏನಾದ್ರೂ ಹೇಳಿದ್ನಾ?"

"ಕ್ರಿಸ್ಮಸ್‌ಗೊಂದ್ಸಲ ಹೇಳೋನು. ಬೆಳಗ್ಗೆ ದೋಣಿಗೆ ಹೊರಟಾಗ ಪಾದ್ರಿ ಎದುರಾದ್ರಂತೆ."

"ಹಾಂ. ಪಾದ್ರಿ ಎದುರಾದ್ರೆ ಯಾವ ದೋಣಿಯವನೂ ಅವತ್ತು ಕಡಲಿಗೆ ಇಳಿಯಲ್ಲ."

"ಅದೇ. ದೋಣಿ ಹತ್ತಿದ್ರೆ ಸಾವು, ಮನೆಗೆ ವಾಪಸ್ ಹೋದ್ರೆ ಬೈಗುಳ. ಮೂರನೇ ದಾರಿ ರೈಲ್ವೆ ಸ್ಟೇಷನ್ನಿಗೆ ಹೋಗ್ತಿತ್ತು, ಅದನ್ನ ಹಿಡಿದೆ ಅನ್ನೋನು."

"ಯಾರ ಬೈಗುಳ?"

"ಅಜ್ಜಿಯದೇ ಇರಬೇಕು. ಹೆಸರು ಹೇಳ್ತಿರಲಿಲ್ಲ. ಆ ನಾಲಿಗೆ ನೆನೆಸ್ಕೊಂಡ್ರೆ ಈಗ್ಲೂ ಕಿವಿ ಬಿಸಿಯಾಗುತ್ತೆ ಅನ್ನೋನು."

"ಹೌದಾ? ಹಾಗನ್ನೋನಾ?" ಐನಾಳ ತುಟಿ ಬಿಗಿಯಾಯಿತು. "ನಿಮ್ಮಮ್ಮ ಹೇಗೆ?"

"ತೀರ್ಕೊಂಡು ಆರು ವರ್ಷ. ಅಲ್ಲೇ ತವರಿನವರ ಜೊತೆ ಮಲಗಿದ್ದಾಳೆ. ತುಂಬ ಮೆದು. ಒಂದು ದಿನಾನೂ ದನಿ ಏರಿಸಿದವಳಲ್ಲ."

"ಅಂಥವಳನ್ನೇ ಹುಡುಕಿ ಹುಡುಕಿ ತಂದಿದ್ದಾನೆ," ಎಂದಳು ಐನಾ.

ಕೊನೆಗೂ ಅಪ್ಪನ ಮನೆ ಸಿಕ್ಕಿತೆಂದು ಲೋರ್ನ್‌ಗೆ ಕಣ್ಣು ತುಂಬಿ ಬಂತು. "ಹಾಗಾದ್ರೆ ನಾಳೇನೇ ಹೂಳಬಹುದಾ?"

"ತಡಿ ತಡಿ. ಆ ಜಾಗದ ಪತ್ರ ಒಬ್ಬ ಹೆಂಗಸಿನ ಹೆಸರಲ್ಲಿದೆ. ಅವಳು ಸಹಿ ಹಾಕದೆ ಒಂದು ಹಿಡಿ ಮಣ್ಣೂ ತೆಗೆಯೋ ಹಾಗಿಲ್ಲ. ಮಹಾ ಹಟಮಾರಿ. ನಿಮ್ಮಪ್ಪನ ಮೇಲೆ ಸಿಟ್ಟು ಬೇರೆ ಇದೆ."

"ಮಾತು ಕೊಟ್ಟಿದ್ದೀನಿ. ಬೇಕಾದ್ರೆ ಮಂಡಿಯೂರಿ ಕೇಳ್ತೀನಿ."

"ಈ ನೆಲದಲ್ಲಿ ಮಂಡಿಯೂರಿದ್ರೆ ಏಳಿಸೋರು ಯಾರು? ನಡಿ, ಮೊದಲು ಕಲ್ಲು ತೋರಿಸ್ತೀನಿ." ಐನಾ ಕೋಲು ಹಿಡಿದು ಎದ್ದಳು.

ಹೊರಗೆ ಕಡಲ ಗಾಳಿ ಜೋರಾಗಿತ್ತು. ಡಬ್ಬಿಯನ್ನು ಕೋಟಿನೊಳಗೆ ಅವಚಿಕೊಂಡು ಲೋರ್ನ್ ಒಂದೊಂದೇ ಕಲ್ಲು ಓದುತ್ತ ನಡೆದ. ಗಂಡ ಫ್ಲೆಟ್, ಹೆಂಡತಿ ಸ್ಮಿತ್. ಗಂಡ ಫ್ಲೆಟ್, ಹೆಂಡತಿ ಕೌವಿ.

"ಇಲ್ಲಿನ ಹೆಂಗಸರು ಗಂಡನ ಹೆಸರು ಹಿಡಿಯಲ್ವಾ?"

"ಗಂಡನ್ನ ಹಿಡಿದಿಟ್ಕೊಳ್ಳೋದೇ ಕಷ್ಟ, ಇನ್ನು ಅವನ ಹೆಸರು ಬೇರೆ!"

ಕೊನೆಯ ಸಾಲಿನಲ್ಲಿ, ಗೋಡೆ ಪಕ್ಕದ ಕಪ್ಪು ಕಲ್ಲಿನ ಮುಂದೆ ಐನಾ ನಿಂತಳು. ಬುಡದಲ್ಲಿ ಜಾಮ್ ಬಾಟಲಿ, ಅದರಲ್ಲಿ ಹಳದಿ ಹೂವು, ಇನ್ನೂ ಬಾಡಿರಲಿಲ್ಲ. ಕಲ್ಲಿನ ಮೇಲೆ ಅಜ್ಜ, ಅಜ್ಜಿ. ಅವರ ಕೆಳಗೆ: 'ಅಲೆಕ್ಸಾಂಡರ್ ಫ್ಲೆಟ್, ಬಿಸ್ಕತ್. 1958ರ ಮಾರ್ಚಿನಲ್ಲಿ ದೋಣಿಯೊಂದಿಗೆ ಕಡಲು ಪಾಲಾದ.'

"ಕಡಲು ಪಾಲಾದ್ನಾ? ಹೋದ ವರ್ಷ ನನ್ನ ಕೈ ಹಿಡ್ಕೊಂಡೇ ಪ್ರಾಣ ಬಿಟ್ಟಿದ್ದು!"

"ಆ ದೋಣಿ ವಾಪಸ್ ಬರಲಿಲ್ಲ ಮಗಾ. ಒಬ್ಬರೂ ಉಳೀಲಿಲ್ಲ. ಅವನೂ ಅದರಲ್ಲೇ ಇದ್ದ ಅಂದ್ಕೊಂಡ್ವಿ." ಐನಾ ಮೂಗು ಒರೆಸಿಕೊಂಡಳು. ಅಳುವೂ ಬಂದಿತ್ತು, ನಗುವೂ ಬಂದಿತ್ತು. "ಸ್ವಲ್ಪ ಅವಸರ ಮಾಡಿ ಕೆತ್ತಿಸಿಬಿಟ್ವಿ ಅಂತ ಕಾಣುತ್ತೆ. ಅಷ್ಟು ವರ್ಷದ ಹೂವು ದಂಡ!"

ಲೋರ್ನ್ ಆ ಸಾಲನ್ನು ಇನ್ನೊಮ್ಮೆ ಓದಿದ.

"ನಾಳೆ ಹೂಳು. ಆದ್ರೆ ಗೋಡೆ ಕಡೆಗೆ ಒತ್ತಿ ಹೂಳು. ಈಚೆ ಕಡೆ ಇನ್ನೊಬ್ಬಳು ಬರೋಳಿದ್ದಾಳೆ. ಈ ಸಲ ಎದ್ದು ಹೋಗೋದಾದ್ರೆ ಅವಳನ್ನ ದಾಟ್ಕೊಂಡೇ ಹೋಗ್ಲಿ."

"ಆದ್ರೆ ಪತ್ರ ಇಟ್ಕೊಂಡಿರೋ ಆ ಹೆಂಗಸು ಒಪ್ಪಬೇಕಲ್ಲ?"

ಐನಾ ಕೋಲಿನ ತುದಿಯಿಂದ ಕಲ್ಲಿನ ಬುಡದ ಹುಲ್ಲು ಸರಿಸಿದಳು.

ಅಲ್ಲಿ ಇನ್ನೂ ಒಂದು ಸಾಲಿತ್ತು: 'ಮತ್ತು ಅವನ ಹೆಂಡತಿ ಐನಾ ವಾಟ್, ಜನನ 1938, ಮರಣ', ಅದರ ಮುಂದೆ ಖಾಲಿ.